ಕಿವಿಗೆ ರೆಪ್ಪೆ ಇಲ್ಲ

ಹಾರರ್ ಸಿನಿಮಾ ನೋಡುವಾಗ ತಡೆಯಲಾರದಷ್ಟು ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಬೇಡಿ. ಕಿವಿ ಮುಚ್ಚಿಕೊಳ್ಳಿ. ಚಿಕ್ಕಂದಿನಲ್ಲಿ ನನಗೆ ಇದು ಗೊತ್ತಿರಲಿಲ್ಲ. ಭಯದ ದೃಶ್ಯ ಬಂತೆಂದರೆ ಅಕ್ಕನ ತೋಳಿಗೆ ಮುಖ ಒತ್ತಿಕೊಂಡು ಕೂರುತ್ತಿದ್ದೆ. ಪರದೆಯ ಮೇಲಿನದು ಏನೂ ಕಾಣುತ್ತಿರಲಿಲ್ಲ. ಆದರೂ ಮೈ ಬೆಚ್ಚುತ್ತಿತ್ತು, ಒಮ್ಮೊಮ್ಮೆ ನೋಡುತ್ತಿದ್ದಾಗಿನದಕ್ಕಿಂತ ಜಾಸ್ತಿಯೇ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಹೆದರಿಸುವ ಸಿನಿಮಾ ಮಾಡುವವರು ಈ ಬಾಗಿಲಿಲ್ಲದ ದಾರಿಯಿಂದಲೇ ನಮ್ಮೊಳಗೆ ಬರುತ್ತಾರೆ.

1942ರಲ್ಲಿ ಅಮೆರಿಕದಲ್ಲಿ ‘ಕ್ಯಾಟ್ ಪೀಪಲ್’ ಎಂಬ ಸಿನಿಮಾ ಬಂತು. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್. ಕೈಯಲ್ಲಿದ್ದ ದುಡ್ಡು ಕಡಿಮೆ. ಅದರ ಒಂದು ದೃಶ್ಯದಲ್ಲಿ ಹೆಂಗಸೊಬ್ಬಳು ರಾತ್ರಿ ಹೊತ್ತು ಪಾರ್ಕಿನ ಗೋಡೆ ಪಕ್ಕ ನಡೆದು ಹೋಗುತ್ತಿರುತ್ತಾಳೆ. ಹಿಂದೆ ಇನ್ನೊಬ್ಬಳು. ಅವಳು ಕರಿಚಿರತೆಯಾಗಿ ಬದಲಾಗುತ್ತಾಳೇನೋ ಎಂಬ ಅನುಮಾನ ಆ ಹೊತ್ತಿಗಾಗಲೇ ನಮ್ಮ ತಲೆಯಲ್ಲಿ ಕೂತಿರುತ್ತದೆ. ಸಂಗೀತ ಇಲ್ಲ. ಎರಡು ಜೊತೆ ಹೈಹೀಲ್ಸಿನ ಟಕ್ ಟಕ್ ಮಾತ್ರ. ಬೀದಿದೀಪದ ಕೆಳಗೆ ಒಂದಿಷ್ಟು ಬೆಳಕು, ಆಮೇಲೆ ಕತ್ತಲು, ಮತ್ತೆ ಒಂದಿಷ್ಟು ಬೆಳಕು. ಇದ್ದಕ್ಕಿದ್ದ ಹಾಗೆ ಹಿಂದಿನ ಹೆಜ್ಜೆಸದ್ದು ನಿಂತುಬಿಡುತ್ತದೆ. ಮುಂದಿದ್ದವಳು ತಿರುಗಿ ನೋಡುತ್ತಾಳೆ. ಯಾರೂ ಇಲ್ಲ. ನಡಿಗೆ ಬಿರುಸಾಗುತ್ತದೆ, ಓಟವಾಗುತ್ತದೆ. ಚಿರತೆ ಮೈಮೇಲೆ ಬಿದ್ದೇ ಬಿಟ್ಟಿತು ಅನ್ನುವಷ್ಟರಲ್ಲಿ ಗುರ್ ಎಂದಂಥ ಒಂದು ಸದ್ದು. ನೋಡಿದರೆ ಬಸ್ಸು! ಬ್ರೇಕ್ ಹಾಕಿ ಬಂದು ನಿಂತಿದೆ, ಅಷ್ಟೇ.

ಈ ದೃಶ್ಯವನ್ನು ಹೆಣೆದದ್ದು ಸಂಕಲನಕಾರ ಮಾರ್ಕ್ ರಾಬ್ಸನ್. ಇಂಥ ತಂತ್ರವನ್ನು ಸಿನಿಮಾದವರು ಇವತ್ತಿಗೂ ‘ಲ್ಯೂಟನ್ ಬಸ್’ ಅನ್ನುತ್ತಾರೆ.

ಬಸ್ಸಿಗೆ ನಾವು ಯಾಕೆ ಬೆಚ್ಚಬೇಕು? ದಿಢೀರನೆ ಬಂದ ಜೋರು ಸದ್ದಿಗೆ ನಮ್ಮ ಮೈಯಲ್ಲಿ ಒಂದು ಅಡ್ಡದಾರಿ ಇದೆ. ಒಳಕಿವಿಯಿಂದ ಮಿದುಳಿನ ಬುಡಕ್ಕೆ, ಅಲ್ಲಿಂದ ನೇರ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುಗಳಿಗೆ. ನಡುವೆ ಇರುವ ನರಕೋಶಗಳು ಕೆಲವೇ ಕೆಲವು. ಹಾಗಾಗಿ ಸೆಕೆಂಡಿನ ಹತ್ತರಲ್ಲಿ ಒಂದು ಭಾಗವೂ ಕಳೆಯುವ ಮುಂಚೆ ರೆಪ್ಪೆ ಬಡಿದಿರುತ್ತದೆ. ‘ಇದು ಬಸ್ಸು’ ಎಂದು ತಿಳಿಯುವುದು ಆಮೇಲೆ. ಹತ್ತು ಸಲ ನೋಡಿದ ದೃಶ್ಯಕ್ಕೂ ಮೈ ಬೆಚ್ಚುತ್ತದಲ್ಲ, ಅದು ದಡ್ಡತನ ಅಲ್ಲ. ಆ ದಾರಿ ನಿಮ್ಮ ಅನುಮತಿ ಕೇಳುವುದೇ ಇಲ್ಲ.

ಆದರೆ ಪೇಟೆ ಬೀದಿಯಲ್ಲಿ ದಿನಾ ಕೇಳುವ ಬಸ್ಸಿನ ಬ್ರೇಕಿಗೆ ನಾವು ಹೀಗೆ ಬೆಚ್ಚುವುದಿಲ್ಲ, ಅಲ್ವಾ? ಇಲ್ಲಿ ಚಿತ್ರದ ಕೆಲಸ ಬರುತ್ತದೆ. ಮೊದಲೇ ಆತಂಕದಲ್ಲಿರುವ ಮನುಷ್ಯ ಅದೇ ಸದ್ದಿಗೆ ಹೆಚ್ಚು ಬೆಚ್ಚುತ್ತಾನೆ. ಮಿದುಳಿನಲ್ಲಿರುವ, ಬಾದಾಮಿ ಗಾತ್ರದ ಅಮಿಗ್ಡಲ ಎಂಬ ಭಾಗ ಆ ಅಡ್ಡದಾರಿಯನ್ನು ಇನ್ನಷ್ಟು ಚುರುಕು ಮಾಡಿ ಇಟ್ಟಿರುತ್ತದೆ. ಕತ್ತಲೊಂದೇ ಸಾಕು. ಕತ್ತಲೆ ಕೋಣೆಯಲ್ಲಿ ಕೂತವರು ದಿಢೀರ್ ಸದ್ದಿಗೆ ಬೆಳಕಿನಲ್ಲಿ ಕೂತಾಗಿನದಕ್ಕಿಂತ ಜಾಸ್ತಿ ಬೆಚ್ಚುತ್ತಾರೆ ಎಂದು 1990ರ ದಶಕದ ಪ್ರಯೋಗಗಳು ತೋರಿಸಿವೆ. ಇಲಿಗಳಲ್ಲಿ ಇದು ತಿರುವುಮುರುವು. ಅವು ಝಗಮಗ ಬೆಳಕಿನಲ್ಲಿ ಜಾಸ್ತಿ ಬೆಚ್ಚುತ್ತವೆ, ಯಾಕೆಂದರೆ ರಾತ್ರಿ ಓಡಾಡುವ ಪ್ರಾಣಿಗೆ ಅಪಾಯ ಇರುವುದು ಬೆಳಕಿನಲ್ಲಿ. ಈ ಸಂಗತಿ ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಕತ್ತಲಿನ ಭಯ ಕತ್ತಲಲ್ಲಿಲ್ಲ, ಹಗಲು ಬದುಕುವ ನಮ್ಮ ಮೈಯಲ್ಲಿದೆ.

ಸದ್ದಿಗಿಂತ ನನ್ನನ್ನು ಹೆಚ್ಚು ಕಾಡುವುದು ಸದ್ದು ನಿಲ್ಲುವುದು. ಆ ಬಸ್ಸಿನ ದೃಶ್ಯದಲ್ಲಿ ನಿಜವಾದ ಭಯ ಶುರುವಾಗುವುದು ಹಿಂದಿನ ಹೆಜ್ಜೆ ನಿಂತಾಗ. ಹಳ್ಳಿಯ ರಾತ್ರಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲಿನ ನಡುವೆ ಕಿರ್ ಎನ್ನುತ್ತಿದ್ದ ಕೀಟಗಳು, ಯಾರೋ ಹತ್ತಿರ ಬಂದು ನೆಲ ಅದುರಿದರೆ, ತಟ್ಟನೆ ಸುಮ್ಮನಾಗುತ್ತವೆ. ಅಷ್ಟು ಹೊತ್ತು ನಮ್ಮ ಗಮನಕ್ಕೇ ಬಾರದಿದ್ದ ಸದ್ದು ಇಲ್ಲವಾದಾಗ ಮಾತ್ರ ಕೇಳಿಸುತ್ತದೆ. ಒಳ್ಳೆಯ ಸೌಂಡ್ ಡಿಸೈನರ್ ಮಾಡುವುದೂ ಅದನ್ನೇ. ಫ್ಯಾನಿನ ಗುಂಯ್ ಸದ್ದು, ದೂರದ ನಾಯಿ, ಗಾಳಿ ಎಲ್ಲವನ್ನೂ ಮೊದಲು ತುಂಬುತ್ತಾನೆ. ಆಮೇಲೆ ಒಂದೊಂದಾಗಿ ತೆಗೆಯುತ್ತಾನೆ.

ಇನ್ನೊಂದು ಭಯ ಮೈ ಕಾಣದ ದನಿಯದು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿದೆಯಾ? ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ ಎಂಬ ಸುದ್ದಿ ಹಬ್ಬಿತ್ತು. ಆ ದೆವ್ವದ ಮುಖ ಹೇಗಿದೆ ಎಂದು ನಾವ್ಯಾರೂ ಕೇಳಲಿಲ್ಲ. ಅಮ್ಮನ ದನಿ ಬಾಗಿಲಾಚೆಯಿಂದ ಬಂದು, ಅಮ್ಮ ಮಾತ್ರ ಅಡುಗೆಮನೆಯಲ್ಲೇ ಇದ್ದರೆ? ಅಷ್ಟು ಸಾಕಾಗಿತ್ತು. ದನಿ ಎಲ್ಲಿಂದ ಬಂತೆಂದು ಕಣ್ಣು ಹುಡುಕುತ್ತದೆ, ಸಿಗದಿದ್ದರೆ ನೆಮ್ಮದಿ ಹೋಗುತ್ತದೆ. ಫ್ರೇಮಿನ ಆಚೆಯಿಂದ ಬರುವ ದನಿಗೆ ಸಿನಿಮಾದಲ್ಲಿ ಅಷ್ಟು ಬಲ ಇರುವುದು ಇದಕ್ಕೇ.

ಚೀರಾಟ ಮಾತ್ರ ಬೇರೆಯೇ ಜಾತಿ. ಮಾತಾಡುವಾಗ ನಮ್ಮ ದನಿ ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಚೀರಿದಾಗ ಆ ಏರಿಳಿತ ಸೆಕೆಂಡಿಗೆ 30ರಿಂದ 150 ಸಲ ಆಗುತ್ತದೆ. ಕಿವಿಗೆ ಅದು ಒರಟಾಗಿ, ಗರಗಸದ ಹಾಗೆ ಕೇಳುತ್ತದೆ. ವಿಜ್ಞಾನಿಗಳಾದ ಲುಕ್ ಆರ್ನಾಲ್, ಡೇವಿಡ್ ಪೋಪೆಲ್ ಮತ್ತು ಜೊತೆಗಾರರು 2015ರಲ್ಲಿ ಇದನ್ನು ಅಳೆದರು. ಒರಟುತನ ಹೆಚ್ಚಿದಷ್ಟೂ ಕೇಳಿದವರಿಗೆ ಭಯ ಹೆಚ್ಚಿತು, ಅಮಿಗ್ಡಲವೂ ಹೆಚ್ಚು ಸ್ಪಂದಿಸಿತು. ಕಾರಿನ ಅಲಾರಂಗಳಲ್ಲೂ ಇದೇ ಒರಟುತನ ಇದೆ.

ಮಾರ್ಮಟ್ ಎಂಬ ದೊಡ್ಡ ಅಳಿಲಿನಂಥ ಪ್ರಾಣಿಗಳ ಕೂಗನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಸಿನಿಮಾ ಕಡೆಗೂ ಕಿವಿಗೊಟ್ಟರು. ಜೀವಭಯದಲ್ಲಿ ಪ್ರಾಣಿ ಗಂಟಲನ್ನು ಮಿತಿ ಮೀರಿ ಬಳಸಿದಾಗ ದನಿ ಒಡೆಯುತ್ತದೆ, ತಟ್ಟನೆ ಮೇಲಕ್ಕೆ ಹಾರುತ್ತದೆ. 2010ರಲ್ಲಿ 102 ಸಿನಿಮಾಗಳನ್ನು ಜಾಲಾಡಿದಾಗ ಹಾರರ್ ಸಿನಿಮಾಗಳಲ್ಲಿ ಒಡೆದ ದನಿಯ ಚೀರಾಟ ಜಾಸ್ತಿ ಸಿಕ್ಕಿತು. 1960ರ ‘ಸೈಕೋ’ ಸಿನಿಮಾದ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಪಿಟೀಲುಗಳಿಂದ ಚೀರಿಸಿದ್ದೂ ಹೀಗೆಯೇ. ಅಲ್ಲಿ ಸಂಗೀತವೇ ಬೇಡ ಎಂದಿದ್ದ ನಿರ್ದೇಶಕ ಹಿಚ್‌ಕಾಕ್, ಕೇಳಿದ ಮೇಲೆ ಮನಸ್ಸು ಬದಲಿಸಿದರು. ತಂತಿವಾದ್ಯಗಳನ್ನು ಬಿಟ್ಟು ಬೇರೇನನ್ನೂ ಹರ್ಮನ್ ಬಳಸಲಿಲ್ಲ. ಕಪ್ಪುಬಿಳುಪು ಚಿತ್ರಕ್ಕೆ ಕಪ್ಪುಬಿಳುಪು ಸದ್ದೇ ಬೇಕು ಎಂಬುದು ಅವರ ಲೆಕ್ಕ.

ಹಾಗಂತ ಸದ್ದೊಂದೇ ಎಲ್ಲ ಅಲ್ಲ. 2012ರಲ್ಲಿ ಬ್ಲೂಮ್‌ಸ್ಟೀನ್ ತಂಡ ಒಡಕು ಸದ್ದಿನ ಸಂಗೀತವನ್ನು ಸಪ್ಪೆ ವಿಡಿಯೊಗಳ ಜೊತೆ ಕೇಳಿಸಿತು. ಸುಮ್ನೆ ನಡೆಯುವ, ಕಾಫಿ ಕುಡಿಯುವಂಥ ಸಾಧಾರಣ ಕೆಲಸದ ಚಿತ್ರಗಳು. ಸಂಗೀತ ಮಾತ್ರ ಕೇಳಿದವರಿಗೆ ಆಗಿದ್ದ ಉದ್ವೇಗ ಇಲ್ಲಿ ಇಳಿದುಹೋಯಿತು. ಅಹಿತ ಭಾವನೆ ಮಾತ್ರ ಉಳಿಯಿತು. ‘ಇಲ್ಲಿ ಏನೂ ಆಗುವುದಿಲ್ಲ’ ಎಂದು ಕಣ್ಣು ಹೇಳಿದರೆ ಕಿವಿ ಅರ್ಧ ನಂಬುತ್ತದೆ.

ಅದಕ್ಕೇ ಜಾಣ ಛಾಯಾಗ್ರಾಹಕ ಕಣ್ಣಿಗೆ ಆ ಮಾತು ಹೇಳಲು ಬಿಡುವುದಿಲ್ಲ. ನಟಿಯನ್ನು ಫ್ರೇಮಿನ ಒಂದು ಮೂಲೆಗೆ ನಿಲ್ಲಿಸಿ ಉಳಿದ ಜಾಗವನ್ನು ಖಾಲಿ ಬಿಡುತ್ತಾನೆ. ನಮ್ಮ ಕಣ್ಣು ಆ ಖಾಲಿ ಜಾಗವನ್ನೇ ಕಾಯುತ್ತದೆ. ಹಿಂದಿನ ಬಾಗಿಲು ಅರ್ಧ ತೆರೆದಿರುತ್ತದೆ, ಅದರಾಚೆ ಮಸುಕು. ಕತ್ತಲಲ್ಲಿ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಅದಕ್ಕೇ ಕತ್ತಲಲ್ಲಿ ನೆಟ್ಟ ನೋಟಕ್ಕೆ ಕಾಣದ್ದು ಕಡೆಗಣ್ಣಿಗೆ ಕಾಣುತ್ತದೆ, ತಿರುಗಿ ನೋಡಿದರೆ ಮಾಯ. ಫ್ರೇಮಿನ ಅಂಚಿನಲ್ಲಿ ಏನೋ ಸರಿದಂತೆ ತೋರಿಸುವ ಸಿನಿಮಾ ನಮ್ಮ ಈ ಹಳೆಯ ಅನುಭವವನ್ನೇ ಕೆಣಕುತ್ತದೆ.

ಬಸ್ಸು ಬಂದ ಮೇಲೆ ಆ ಹೆಂಗಸು ತಲೆಯೆತ್ತಿ ನೋಡುತ್ತಾಳೆ. ಮರದ ಕೊಂಬೆಗಳು ಇನ್ನೂ ಅಲುಗಾಡುತ್ತಿರುತ್ತವೆ. ಗಾಳಿಯೋ, ಬೇರೇನೋ? ಟೂರ್ನರ್ ತೋರಿಸುವುದಿಲ್ಲ. ಬಸ್ಸು ಹೊರಡುತ್ತದೆ.