ಮಾಯಾ ಲಿಪಿಗೆ ಕಾಗುಣಿತದ ದಾರಿ

ಮಕ್ಕಳಿಗೆ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಲಿಪಿ ಕಲಿಸಹೊರಟವರಿಗೆ ಸುಲಭವಾಗಿ ಸಿಗುವುದು ‘ಎ’ಯಿಂದ ‘ಝಡ್’ವರೆಗಿನ ಚಿತ್ರಪಟ. ಅದನ್ನು ಬಳಸಬೇಡಿ. ಆ ಬರಹದಲ್ಲಿ ಬಿಡಿ ವ್ಯಂಜನಕ್ಕೆ ಚಿಹ್ನೆಯೇ ಇಲ್ಲ. ಇರುವುದು ಕ, ಕಿ, ಕು ಎಂಬಂಥ ಅಕ್ಷರಗಳು, ಜೊತೆಗೆ ಇಡೀ ಪದಕ್ಕೆ ನಿಲ್ಲುವ ಚಿಹ್ನೆಗಳು. 16ನೇ ಶತಮಾನದಲ್ಲಿ ಮೆಕ್ಸಿಕೊದ ಯುಕಟಾನ್‌ನಲ್ಲಿದ್ದ ಪಾದ್ರಿ ಡಿಯೆಗೊ ದೆ ಲಾಂಡಾ ಸ್ಪ್ಯಾನಿಷ್ ವರ್ಣಮಾಲೆಗೆ ಸಮನಾದ ಚಿಹ್ನೆ ಕೇಳಿದ. ಸ್ಪ್ಯಾನಿಷ್‌ನಲ್ಲಿ ‘ಬಿ’ ಅಕ್ಷರದ ಹೆಸರು ‘ಬೆ’. ಅವನು ‘ಬೆ’ ಎಂದಾಗ ಮಾಯಾ ಲಿಪಿಕಾರ ‘ಬೆ’ ಎಂಬ ಉಚ್ಚಾರದ ಚಿಹ್ನೆಯನ್ನೇ ಬರೆದುಕೊಟ್ಟ. ಲಾಂಡಾ ಅದನ್ನು ಬಿಡಿ ವ್ಯಂಜನವೆಂದುಕೊಂಡ. ಆ ಗೊಂದಲದ ಗಂಟು ಬಿಡಿಸುವ ದಾರಿಯನ್ನು 1952ರಲ್ಲಿ ತೋರಿದವರು ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್. ಕಾಗುಣಿತ ಬಲ್ಲ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ. ಒಂದು ವ್ಯತ್ಯಾಸ ಮಾತ್ರ ಮೊದಲೇ ಹೇಳಿಬಿಡಿ: ನಮ್ಮಲ್ಲಿ ‘ಕ’ಕ್ಕೆ ಗುಡಿಸು ಕೊಟ್ಟರೆ ‘ಕಿ’, ಅಲ್ಲಿ ಆ ಎರಡರ ರೂಪಕ್ಕೆ ನಂಟೇ ಇಲ್ಲ.

ಮೊದಲ ಪದ ‘ಕಕವ್’, ಅಂದರೆ ಕೋಕೋ. ಬರೆಯುವುದು ಕ-ಕ-ವ, ಕೊನೆಯ ಸ್ವರ ಓದುವಾಗ ಬಿದ್ದುಹೋಗುತ್ತದೆ. ಒಂದೇ ‘ಕ’ ಬರೆದು ಪಕ್ಕದಲ್ಲಿ ಎರಡು ಚುಕ್ಕಿ ಇಟ್ಟರೆ ಎರಡು ಸಲ ಓದು ಎಂದರ್ಥ. ಗ್ವಾಟೆಮಾಲಾದ ರಿಯೊ ಅಸುಲ್‌ನ ಗೋರಿಯೊಂದರಲ್ಲಿ ಸಿಕ್ಕ, ತಿರುಗಿಸಿ ಮುಚ್ಚುವ ಮುಚ್ಚಳದ ಮಡಕೆಯ ಮೇಲೆ ಈ ಪದವಿತ್ತು. ಒಳಗೆ ಅಂಟಿದ್ದ ಕಲೆಯಲ್ಲಿ ಕೋಕೋ ಅಂಶವೂ ಪತ್ತೆಯಾಯಿತು.

ಆಮೇಲೆ ಮಕ್ಕಳ ಹೆಸರು. ಇಲ್ಲೇ ಎಡವುವುದು ಹೆಚ್ಚು. ‘ಕಮಲ’ ಎಂದು ಬರೆದರೆ ನಿಯಮದಂತೆ ‘ಕಮಲ್’ ಆಗುತ್ತದೆ. ಗ, ದ ಧ್ವನಿಗಳಿಗೆ ಚಿಹ್ನೆಯಿಲ್ಲ. ಹತ್ತಿರದ ಕ, ತ ಬಳಸಿ, ಇದು ನಾವು ಮಾಡಿಕೊಂಡ ಹೊಂದಾಣಿಕೆ ಎಂದೂ ತಿಳಿಸಿ.

ಓದುವ ಕ್ರಮಕ್ಕೆ 4×4 ಮನೆಗಳ ಹಾಳೆ ಸಾಕು. ಮೊದಲ ಸಾಲಿಗೆ 1, 2, 9, 10. ಎರಡನೆಯದಕ್ಕೆ 3, 4, 11, 12. ಮೂರನೆಯದಕ್ಕೆ 5, 6, 13, 14. ಕೊನೆಗೆ 7, 8, 15, 16. ಎರಡೆರಡು ಕಂಬಸಾಲುಗಳನ್ನು ಜೋಡಿಯಾಗಿ ಓದುತ್ತ ಇಳಿಯಬೇಕು. ಅಂಕಿ ಹಾಕದಿದ್ದರೆ ಮಕ್ಕಳು ಅಭ್ಯಾಸಬಲದಿಂದ ಅಡ್ಡಸಾಲು ಮುಗಿಸಿಬಿಡುತ್ತಾರೆ.

ಮಾಯಾ ಅಂಕಿಗಳ ಲೆಕ್ಕಕ್ಕೆ ಹುಣಸೆ ಬೀಜ, ಕಡ್ಡಿ, ಕವಡೆ ತನ್ನಿ. ಬೀಜ 1, ಕಡ್ಡಿ 5, ಕವಡೆ ಸೊನ್ನೆ. ಕೆಳಗಿನ ಅಂತಸ್ತು ಬಿಡಿಸಂಖ್ಯೆಗಳದ್ದು, ಅದರ ಮೇಲಿನದು ಇಪ್ಪತ್ತುಗಳದ್ದು. 27 ಎಂದರೆ ಮೇಲೆ ಒಂದು ಬೀಜ, ಕೆಳಗೆ ಒಂದು ಕಡ್ಡಿಯ ಮೇಲೆ ಎರಡು ಬೀಜ. ನಡುವೆ ನಾಲ್ಕು ಬೆರಳು ಜಾಗ ಬಿಡಲೇಬೇಕು. ಇಲ್ಲವಾದರೆ ಅದು 8 ಎಂದು ಕಾಣುತ್ತದೆ.

ದಿನನಿತ್ಯದ ಬದುಕಿಗೆ ಪಿರಮಿಡ್ಡು, ಅರಸರಿಗಿಂತ ಎಲ್ ಸಾಲ್ವಡಾರ್‌ನ ಹೋಯಾ ದೆ ಸೆರೆನ್ ಎಷ್ಟೋ ಮೇಲು. ಸುಮಾರು ಕ್ರಿ.ಶ. 600ರಲ್ಲಿ ಜ್ವಾಲಾಮುಖಿಯ ಬೂದಿ ಮುಚ್ಚಿದ ರೈತರ ಹಳ್ಳಿ ಅದು. ಬೆಳಕಿಗೆ ಬಂದದ್ದು 1976ರಲ್ಲಿ. ಮಡಕೆಯಲ್ಲಿ ಬೀನ್ಸ್ ಕಾಳು, ಹಿತ್ತಲಲ್ಲಿ ಮೆಕ್ಕೆಜೋಳದ ಸಾಲು, ಅರೆಯುವ ಕಲ್ಲು ಎಲ್ಲವೂ ಇದ್ದಲ್ಲೇ ಉಳಿದಿವೆ. ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಹರಿತವಾದ ಅಲಗುಗಳು ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿದಂತೆ ದೊರೆತವು. ಅಲ್ಲಿ ಏಕೆ ಇಟ್ಟಿರಬಹುದೆಂದು ಮೊದಲು ಮಕ್ಕಳನ್ನೇ ಕೇಳಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರು ಎಂಬ ಉತ್ತರ ಅವರ ಬಾಯಿಂದಲೇ ಬರುತ್ತದೆ. ಪುರಾತತ್ತ್ವಜ್ಞರ ಊಹೆಯೂ ಅದೇ.