ಕತ್ತಲಿಗೆ ಬಣ್ಣ ಬಂದ ಕತೆ

ಕರ್ಫ್ಯೂ ಅಂದ್ರೆ ನಮಗೆ ಗಲಾಟೆ, ಲಾಠಿ ನೆನಪಾಗುತ್ತದೆ. ಹಳೆಯ ಫ್ರೆಂಚ್‌ನಲ್ಲಿ ಆ ಮಾತಿನ ಅರ್ಥ 'ಬೆಂಕಿ ಮುಚ್ಚು', ಅಷ್ಟೇ. ಮಧ್ಯಯುಗದ ಯುರೋಪಿನಲ್ಲಿ ಸಂಜೆ ಗಂಟೆ ಬಾರಿಸಿತೆಂದರೆ ಒಲೆಯ ಕೆಂಡ ಮುಚ್ಚಿ ಒಳಗಿರಬೇಕು. ಆಮೇಲೆ ಬೀದಿಯಲ್ಲಿ ಸುಮ್ನೆ ಓಡಾಡಿದರೂ ಕಾವಲುಗಾರ ಅನುಮಾನದಿಂದ ನೋಡುತ್ತಿದ್ದ.

ಅಂಥ ರಾತ್ರಿ ಮೋಜಿನ ಹೊತ್ತಾಯಿತಲ್ಲ, ಅದಕ್ಕೆ ದಾರಿ ಮಾಡಿಕೊಟ್ಟವರು ಪೊಲೀಸರೇ! 1667ರಲ್ಲಿ ಪ್ಯಾರಿಸ್‌ನ ಪೊಲೀಸ್ ಮುಖ್ಯಸ್ಥ ಬೀದಿ ಬೀದಿಗೆ ಮೇಣದಬತ್ತಿಯ ಲಾಂದ್ರ ತೂಗುಹಾಕಿಸಿದ. ಕಳ್ಳಕಾಕರ ಕಾಟ ತಪ್ಪಲಿ ಅಂತ. ಬೆಳಕು ಬಂದ ಮೇಲೆ ಜನ ಮನೆಯಲ್ಲಿ ಕೂರುತ್ತಾರಾ?

18ನೇ ಶತಮಾನದ ಲಂಡನ್ನಿನ ವಾಕ್ಸ್‌ಹಾಲ್ ತೋಟಕ್ಕೆ ಜನ ದುಡ್ಡು ಕೊಟ್ಟು ಹೋಗುತ್ತಿದ್ದರು. ಸಂಗೀತ, ಊಟ, ಅಡ್ಡಾಟ. ಕತ್ತಲಾಗುತ್ತಿದ್ದಂತೆ ಒಂದು ಸೀಟಿ. ಬತ್ತಿಯಿಂದ ಬತ್ತಿಗೆ ಬೆಂಕಿ ಹಾಯುವಂತೆ ಮೊದಲೇ ಜೋಡಿಸಿಟ್ಟಿದ್ದರಿಂದ, ಮರಗಳ ನಡುವಿನ ಸಾವಿರಾರು ದೀಪಗಳು ಕ್ಷಣದಲ್ಲಿ ಹೊತ್ತಿಕೊಳ್ಳುತ್ತಿದ್ದವು. ಅದೇ ತೋಟದಲ್ಲಿ ದೀಪವಿಲ್ಲದ ಹಾದಿಗಳೂ ಇದ್ದವು. ಪ್ರೇಮಿಗಳಿಗೆ ಅವೇ ಜಾಸ್ತಿ ಇಷ್ಟ. ಅಧಿಕಾರಿಗಳು 1760ರ ದಶಕದಲ್ಲಿ ಅಲ್ಲಿಗೆ ಬೇಲಿ ಹಾಕಿಸಿದರೆ, ಹುಡುಗರ ಗುಂಪೊಂದು ಕಿತ್ತೆಸೆಯಿತು. ನನ್ನ ಕೇಳಿದರೆ ರಾತ್ರಿಯ ಸೆಳೆತವೆಲ್ಲ ಇಷ್ಟರಲ್ಲೇ ಇದೆ. ಕಣ್ತುಂಬ ನೋಡಲು ಬೆಳಕು, ಗುರುತಿನವರ ಕಣ್ಣಿಗೆ ಬೀಳದಿರಲು ಒಂದಿಷ್ಟು ಕತ್ತಲು. ಇವತ್ತಿನ ಕ್ಲಬ್ಬುಗಳ ಮಂದ ಬೆಳಕೂ ಅದೇ ಅಲ್ವಾ?

ಆಮೇಲಿನದ್ದು ವೇಗದ ಕತೆ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಗೆ ಗ್ಯಾಸ್ ದೀಪ, 1882ರಲ್ಲಿ ನ್ಯೂಯಾರ್ಕಿಗೆ ಎಡಿಸನ್ ವಿದ್ಯುತ್, 1910ರಲ್ಲಿ ಪ್ಯಾರಿಸ್‌ನಲ್ಲಿ ನಿಯಾನ್ ಎಂಬ ಬಣ್ಣದ ದೀಪ.

ಬೇಲಿ ಹಾಕುವ ಚಾಳಿ ಮಾತ್ರ ಹೋಗಲಿಲ್ಲ. 1926ರಲ್ಲಿ ನ್ಯೂಯಾರ್ಕ್ ಕುಣಿತಕ್ಕೂ ಲೈಸೆನ್ಸ್ ಬೇಕು ಅಂದಿತು. ಮುಂದೆ ಕ್ಲಬ್ಬಿನ ಕಲಾವಿದರಿಗೂ ಪರವಾನಗಿಯ ಕಾರ್ಡ್ ಕಡ್ಡಾಯವಾಯಿತು. 1947ರಲ್ಲಿ ಡ್ರಗ್ಸ್ ಕೇಸಿನಲ್ಲಿ ಜೈಲು ಸೇರಿದ ಗಾಯಕಿ ಬಿಲ್ಲಿ ಹಾಲಿಡೇ ಆ ಕಾರ್ಡ್ ಕಳೆದುಕೊಂಡರು. ಬಿಡುಗಡೆಯಾದ ಮೇಲೆ ಕಾರ್ನೆಗಿ ಹಾಲ್‌ನಂಥ ದೊಡ್ಡ ಸಭಾಂಗಣದಲ್ಲಿ ಹಾಡಲು ಅಡ್ಡಿಯಿರಲಿಲ್ಲ, ಮದ್ಯ ಮಾರುವ ಪುಟ್ಟ ಕ್ಲಬ್ಬಿನಲ್ಲಿ ಹಾಡುವಂತಿರಲಿಲ್ಲ! ಕುಣಿತದ ಆ ಕಾನೂನು ರದ್ದಾಗಲು 2017 ಬರಬೇಕಾಯಿತು.

ಈಗ ಆಮ್‌ಸ್ಟರ್‌ಡ್ಯಾಮ್‌ನಂಥ ನಗರಗಳಲ್ಲಿ 'ರಾತ್ರಿ ಮೇಯರ್' ಎಂಬ ಹುದ್ದೆಯೇ ಇದೆ. ಕೆಳಗೆ ಕುಣಿಯುವವರಿಗೂ, ಮೇಲ್ಮಹಡಿಯಲ್ಲಿ ನಿದ್ದೆ ಬಾರದೆ ಹೊರಳಾಡುವವರಿಗೂ ರಾಜಿ ಮಾಡಿಸುವ ಕೆಲಸ.