ಹೆಸರು ಬಿಡಿ, ಊರು ಹಿಡಿಯಿರಿ

ವಂಶಾವಳಿ ಹುಡುಕಿಕೊಡುವುದು ನನ್ನ ಕೆಲಸ. ಸ್ವೀಡನ್ ಮೂಲದ ಅಮೆರಿಕನ್ನರಿಂದ ಬರುವ ಕೋರಿಕೆಗಳು ಹೆಚ್ಚುಕಡಿಮೆ ಒಂದೇ ಧಾಟಿಯವು: ‘ನಮ್ಮ ಮುತ್ತಜ್ಜನ ಹೆಸರು ಜಾನ್ ಆಂಡರ್ಸನ್. 1880ರ ಸುಮಾರಿಗೆ ಮಿನ್ನೆಸೋಟಕ್ಕೆ ಬಂದರಂತೆ. ಅವರ ಮನೆತನ ಹುಡುಕಿಕೊಡಿ.’ ನಾನು ಮೊದಲು ಕೇಳುವುದು ಒಂದೇ: ಯಾವ ಪ್ಯಾರಿಷ್? ಅಂದರೆ ಅವರ ಹಳ್ಳಿ ಯಾವ ಚರ್ಚಿನ ವ್ಯಾಪ್ತಿಗೆ ಸೇರಿತ್ತು? ಅದು ಗೊತ್ತಿಲ್ಲ ಎಂದಾದರೆ, ಅಮೆರಿಕದಲ್ಲಿ ಮಾಡಬೇಕಾದ ಹುಡುಕಾಟವೇ ಇನ್ನೂ ಮುಗಿದಿಲ್ಲ.

ಹೆಸರು ನೆಚ್ಚಿಕೊಂಡರೆ ಕೆಲಸ ಕೆಟ್ಟಿತು. 19ನೇ ಶತಮಾನದ ಬಹುಪಾಲು ಸ್ವೀಡನ್ನಿನ ಹಳ್ಳಿಗರಿಗೆ ಮನೆತನದ ಹೆಸರೇ ಇರಲಿಲ್ಲ. ಆಂಡರ್ಸ್‌ನ ಮಗ ಆಂಡರ್ಸ್‌ಸನ್, ಮಗಳು ಆಂಡರ್ಸ್‌ಡೊಟ್ಟರ್. ಆ ಮಗನ ಹೆಸರು ಯೋಹಾನ್ ಆಗಿದ್ದರೆ ಅವನ ಮಕ್ಕಳು ಯೋಹಾನ್ಸನ್‌ಗಳು. ನಮ್ಮಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ತಲೆಮಾರಿಗೊಮ್ಮೆ ಬದಲಾಗುವ ಹಾಗೆಯೇ. ದಂಡಿಗೆ ಸೇರಿದವನಿಗೆ ಇನ್ನೊಂದು ಹೆಸರು. ಒಂದೇ ತುಕಡಿಯಲ್ಲಿ ಹತ್ತು ಜನ ಆಂಡರ್ಸ್‌ಸನ್‌ಗಳಿದ್ದರೆ ಕೂಗಿದಾಗ ಓಗೊಡುವವರು ಯಾರು? ಹಾಗಾಗಿ ರಾಸ್ಕ್, ಮೋಡಿಗ್ ಎಂಬಂಥ ಗಿಡ್ಡ ಹೆಸರು ಕೊಡುತ್ತಿದ್ದರು. ನಾರ್ವೆಯದು ಇನ್ನೊಂದು ತಕರಾರು: ಅಲ್ಲಿ ವಾಸವಿದ್ದ ಜಮೀನಿನ ಹೆಸರೂ ಅಂಟಿಕೊಳ್ಳುತ್ತಿತ್ತು, ಜಮೀನು ಬದಲಾದರೆ ಹೆಸರೂ ಬದಲು. ಕಾಯಂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂಬ ಕಾನೂನು ನಾರ್ವೆಗೆ ಬಂದದ್ದು 1923ರಲ್ಲಿ.

ಊರು ಸಿಕ್ಕಿತೆನ್ನಿ, ಆಮೇಲೆ ಸ್ವೀಡನ್ನಿನಷ್ಟು ಸುಲಭದ ದೇಶ ಇನ್ನೊಂದಿಲ್ಲ. 1686ರ ಚರ್ಚ್ ಕಾನೂನಿನಂತೆ ಪಾದ್ರಿಗಳು ಜನನ, ಮದುವೆ, ಮರಣ ಎಲ್ಲವನ್ನೂ ಬರೆದಿಡಬೇಕಿತ್ತು. ಇದರ ಜೊತೆಗೆ ಮನೆವಾರು ಪರೀಕ್ಷೆಯ ಪುಸ್ತಕ. ಮನೆಮಂದಿಗೆ ಓದಲು ಬರುತ್ತದೆಯೇ, ಧರ್ಮಪಾಠ ಬಾಯಿಗೆ ಬರುತ್ತದೆಯೇ ಎಂದು ಪಾದ್ರಿ ಪರೀಕ್ಷಿಸಿ ಗುರುತು ಹಾಕುತ್ತಿದ್ದ. ಆತನಿಗೆ ಬೇಕಿದ್ದದ್ದು ಭಕ್ತಿಯ ಲೆಕ್ಕ, ನಮಗೆ ದಕ್ಕಿದ್ದು ಇಡೀ ಊರಿನ ಜಾತಕ.

19ನೇ ಶತಮಾನದ ಅಂಥದ್ದೊಂದು ಪುಟ ತೆರೆದು ನೋಡಿ. ತಲೆಯಲ್ಲಿ ಜಮೀನಿನ ಹೆಸರು. ಕೆಳಗೆ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು. ಪ್ರತಿಯೊಬ್ಬರ ಎದುರಿಗೆ ಹುಟ್ಟಿದ ದಿನ, ಹುಟ್ಟಿದ ಪ್ಯಾರಿಷ್, ಸಿಡುಬಿನ ಲಸಿಕೆಯ ಗುರುತು, ಎಲ್ಲಿಂದ ಬಂದರು, ಎಲ್ಲಿಗೆ ಹೋದರು. ಬಲ ಅಂಚಿನಲ್ಲಿ ಪಾದ್ರಿಯ ಟಿಪ್ಪಣಿ: ಕುಂಟ, ಬಡವ, ದಂಡ ಕಟ್ಟಿದವನು. ಊರು ಬಿಟ್ಟವರ ಸಾಲಿನ ಮೇಲೆ ಉದ್ದಕ್ಕೆ ಒಂದು ಗೀಟು. ಗೀಟೆಳೆದ ಸಾಲಿನ ಕೊನೆಯಲ್ಲಿ ‘ಉ. ಅಮೆರಿಕ’ (ಅಂದರೆ ಉತ್ತರ ಅಮೆರಿಕ) ಎಂದಿದ್ದರೆ ನಿಮ್ಮ ಜಾನ್ ಅಲ್ಲಿರಬಹುದು, ಯೋಹಾನ್ ಎಂಬ ಹೆಸರಿನಲ್ಲಿ.

ಇರಬಹುದು ಅಷ್ಟೇ. ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ಮಾಮೂಲು. ಮೊದಲ ಯೋಹಾನನ ಜನ್ಮದಾಖಲೆ ಕಂಡೊಡನೆ ಕುಣಿದಾಡಿ, ಎರಡು ವರ್ಷಕ್ಕೇ ತೀರಿಕೊಂಡ ಕೂಸನ್ನು ಮುತ್ತಜ್ಜನೆಂದು ವಂಶವೃಕ್ಷಕ್ಕೆ ಏರಿಸಿದವರು ಬೇಕಾದಷ್ಟಿದ್ದಾರೆ. ಮರಣದ ಪುಸ್ತಕ ತಿರುವಿಹಾಕದೆ ಯಾವ ಜನನವನ್ನೂ ನಾನು ಒಪ್ಪುವುದಿಲ್ಲ.

ಹಾಗಾದರೆ ಪ್ಯಾರಿಷ್ ಪತ್ತೆಮಾಡುವುದು ಹೇಗೆ? ಊರು ಬಿಡುವಾಗ ಪಾದ್ರಿ ಕೊಟ್ಟ ಪತ್ರವನ್ನು ಅನೇಕರು ಅಮೆರಿಕಕ್ಕೂ ಒಯ್ದು ಅಲ್ಲಿನ ಸ್ವೀಡಿಷ್ ಲೂಥರನ್ ಚರ್ಚಿಗೆ ಕೊಟ್ಟರು. ಆ ಚರ್ಚಿನ ಸದಸ್ಯರ ಪುಸ್ತಕದಲ್ಲಿ ಹುಟ್ಟೂರು ಸಿಗುವ ಸಂಭವ ಜನಗಣತಿಗಿಂತ ಎಷ್ಟೋ ಹೆಚ್ಚು. ಜನಗಣತಿಯಲ್ಲಿ ಸಾಮಾನ್ಯವಾಗಿ ‘ಸ್ವೀಡನ್’ ಎಂದಷ್ಟೇ ಇರುತ್ತದೆ. ಇನ್ನೊಂದು ದಾರಿ, ಗೋಥೆನ್‌ಬರ್ಗ್ ಬಂದರಿನ ಪೊಲೀಸರು 1869ರಿಂದ ಇಟ್ಟ ವಲಸಿಗರ ಪಟ್ಟಿ. ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿನ ಹಲ್, ರೈಲಿನಲ್ಲಿ ಲಿವರ್‌ಪೂಲ್, ಮತ್ತೆ ಹಡಗು. ಬಹಳ ಮಂದಿ ಹೋದದ್ದು ಹೀಗೆ.

ಹಳೆಯ ಪುಸ್ತಕಗಳಲ್ಲಿ ತಾರೀಖಿನ ಬದಲು ‘ಟ್ರಿನಿಟಿಯ ನಂತರದ ಮೂರನೇ ಭಾನುವಾರ’ ಎಂಬಂತೆ ಹಬ್ಬದ ಲೆಕ್ಕ ಬರುತ್ತದೆ. ಟ್ರಿನಿಟಿಯಂಥ ಚರ್ಚಿನ ಹಬ್ಬಗಳನ್ನು ಎಣಿಸುವುದು ಈಸ್ಟರಿನಿಂದ. ಈಸ್ಟರ್ ವರ್ಷಕ್ಕೊಂದು ದಿನ ಬೀಳುವುದರಿಂದ ಆಯಾ ವರ್ಷದ ಪಂಚಾಂಗ ಬೇಕು. ಡೆನ್ಮಾರ್ಕ್–ನಾರ್ವೆ ಈಗಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದದ್ದು 1700ರಲ್ಲಿ, ಸ್ವೀಡನ್ 1753ರಲ್ಲಿ ಎಂಬುದೂ ನೆನಪಿರಲಿ. ಡ್ಯಾನಿಷರ ಒಂದು ಜಾಣತನ ನನಗೆ ಬಲು ಇಷ್ಟ: 1814ರಿಂದ ಚರ್ಚಿನ ಪುಸ್ತಕಕ್ಕೆ ಎರಡು ಪ್ರತಿ, ಎರಡೂ ಒಂದೇ ಸೂರಿನಡಿ ರಾತ್ರಿ ಕಳೆಯುವಂತಿಲ್ಲ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯಲಿ ಎಂದು.

ನನ್ನಂಥವರಿಗೆ ದುಡ್ಡು ಸುರಿಯುವ ಮೊದಲು ನೀವೇ ಒಂದು ಕೈ ನೋಡಿ. ಸ್ವೀಡನ್ನಿನ ರಾಷ್ಟ್ರೀಯ ದಫ್ತರದ ಸ್ಕ್ಯಾನ್ ಪುಟಗಳು 2018ರಿಂದ ಉಚಿತ. ನಾರ್ವೆಯ ದಫ್ತರದ ಜಾಲತಾಣ ಡಿಜಿಟಲ್‌ಆರ್ಕಿವೆಟ್‌ಗೂ ಕಾಸಿಲ್ಲ, 1801 ಮತ್ತು 1865ರ ಜನಗಣತಿಗಳನ್ನು ಅಲ್ಲಿ ಹೆಸರು ಹಾಕಿಯೇ ಹುಡುಕಬಹುದು. ಆ ಕಾಲದ ಗೋಥಿಕ್ ಶೈಲಿಯ ಕೈಬರಹ ಮೊದಮೊದಲು ಕಾಡುತ್ತದೆ. ಒಬ್ಬನೇ ಪಾದ್ರಿಯ ಪುಟಗಳನ್ನು ಬಿಡದೆ ಓದಿ. ಅವನ ಅಕ್ಷರದ ವರಸೆ ಬೇಗ ಹಿಡಿತಕ್ಕೆ ಬರುತ್ತದೆ.